ಗಾಡಿ ರಾತ್ರಿ ಎಲ್ಲಿ ಮಲಗುತ್ತಿತ್ತು?

"ಇದಕ್ಕೆ ಎಷ್ಟು ಕೊಡಬಹುದು?" ಅಂತ ಹಳೇ ಬೈಕಿನ ಫೋಟೋ ಕಳಿಸುವವರು ನನಗೆ ಸ್ವಲ್ಪ ಜಾಸ್ತಿ. ನಾನು ಮೆಕ್ಯಾನಿಕ್ ಅಲ್ಲ, ಬ್ರೋಕರ್ ಅಂತೂ ಅಲ್ಲವೇ ಅಲ್ಲ. ಹಳೇ ಗಾಡಿಗಳ ಹುಚ್ಚು ಇದೆ, ಅಷ್ಟೇ. ಮನೆ ಶಿರಸಿ ಕಡೆ, ಕೆಲಸ ಕುಮಟಾದಲ್ಲಿ. ಹಾಗಾಗಿ ದೇವಿಮನೆ ಘಟ್ಟದ ಎರಡೂ ಬದಿಯ ನೆಂಟರು, ಗೆಳೆಯರು ಗಾಡಿ ಕೊಳ್ಳುವ ಮುಂಚೆ ಒಂದು ಮಾತು ಕೇಳುತ್ತಾರೆ. ಫೋಟೋದಲ್ಲಿ ಗಾಡಿ ಯಾವಾಗಲೂ ತೊಳೆದಿರುತ್ತದೆ. ಟ್ಯಾಂಕ್ ಹೊಳೆಯುತ್ತಿರುತ್ತದೆ. ಹಿಂದೆ ದಾಸವಾಳದ ಗಿಡವೋ ತುಳಸಿ ಕಟ್ಟೆಯೋ ಕಾಣುತ್ತದೆ. ಕೆಳಗೆ "ಸಿಂಗಲ್ ಓನರ್, ಗುಡ್ ಕಂಡೀಷನ್, ರೇಟ್ ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು" ಅಂತ ಒಂದು ಸಾಲು. ಇಷ್ಟರಲ್ಲಿ ಬೆಲೆ ಹೇಳು ಅಂದರೆ ಏನು ಹೇಳುವುದು?

ಹೋದ ವರ್ಷ ನಮ್ಮ ಭಾವ ಒಟ್ಟಿಗೇ ಎರಡು ಫೋಟೋ ಕಳಿಸಿದ. ಮಗ ಶಿರಸಿಯಲ್ಲಿ ಕಾಲೇಜಿಗೆ ಹೋಗುವವನು, ಅವನಿಗೊಂದು ಗಾಡಿ ಬೇಕಿತ್ತು. ಎರಡೂ ಹೀರೋ ಹೋಂಡಾ ಸ್ಪ್ಲೆಂಡರ್ ಪ್ಲಸ್. ಎರಡೂ 2008ರದ್ದು. ಒಂದು ಅಂಕೋಲಾದ ಆಚೆ, ಇನ್ನೊಂದು ಶಿರಸಿಯಿಂದ ಒಳಗೆ ಒಂದು ಹಳ್ಳಿಯಲ್ಲಿ. ಎರಡಕ್ಕೂ 25 ಸಾವಿರ ಹೇಳುತ್ತಿದ್ದರು. ಯಾಕೆ ಅಂತ ಕೇಳಿದರೆ ಇಬ್ಬರದ್ದೂ ಒಂದೇ ಉತ್ತರ: "ಮಾರ್ಕೆಟ್ ರೇಟೇ ಅಷ್ಟಿದೆ."

ಯಾವ ಮಾರ್ಕೆಟ್ಟು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಹೊಸ ಗಾಡಿಗೆ ರೇಟ್ ಇದೆ, ಶೋರೂಮಿನ ಗೋಡೆ ಮೇಲೆ ಬರೆದಿರುತ್ತದೆ. ಐದು ವರ್ಷದ ಒಳಗಿನ ಗಾಡಿಗೆ ಇನ್ಶೂರೆನ್ಸಿನವರ ಒಂದು ಪಟ್ಟಿ ಇದೆ. ಆರು ತಿಂಗಳ ತನಕ ಶೇ 5 ಕಳೆಯುತ್ತಾರೆ, ವರ್ಷದ ತನಕ ಶೇ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಅದನ್ನು ದಾಟಿದ ಮೇಲೆ ಆ ಪಟ್ಟಿಯೂ ಕೈ ಎತ್ತುತ್ತದೆ. ಕಂಪನಿಯೂ ಮಾಲೀಕನೂ ಮಾತಾಡಿ ಒಂದು ಬೆಲೆಗೆ ಬರಬೇಕು. ಹದಿನೈದು ದಾಟಿದ ಗಾಡಿಗೆ ಆನ್‌ಲೈನಿನಲ್ಲಿ ಮಾಡೆಲ್, ವರ್ಷ, ಕಿಲೋಮೀಟರ್ ಹಾಕಿ ಬೆಲೆ ತೆಗೆಯುವವರಿದ್ದಾರೆ. ಬಯಲುಸೀಮೆಯಲ್ಲಿ ಅದು ಸರಿಹೋಗುತ್ತದೋ ಏನೋ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟ ಅನ್ನುವುದೊಂದು ನಡುವೆ ಕೂತಿದೆ. ಕೆಳಗಿನ, ಅಂದರೆ ಕರಾವಳಿಯ ಗಾಡಿ ಹೊರಗಿಂದ ಹಾಳಾಗುತ್ತದೆ. ಮೇಲಿನ ಗಾಡಿ ಒಳಗಿಂದ ಸವೆಯುತ್ತದೆ. ಸವೆದದ್ದನ್ನು ಬದಲಾಯಿಸಬಹುದು, ಅದಕ್ಕೊಂದು ಬಿಲ್ ಬರುತ್ತದೆ, ಆ ಬಿಲ್ಲನ್ನು ಬೆಲೆಯಲ್ಲಿ ಕಳೆಯಬಹುದು. ತುಕ್ಕು ತಿಂದ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಬಿಲ್ ಮಾಡಿಕೊಡುವವರು ಯಾರೂ ಇಲ್ಲ.

ಕೆಳಗಿನ ಗಾಡಿ

ಅಂಕೋಲಾದ ಗಾಡಿ ನೋಡಲು ಕುಮಟಾದ ಒಬ್ಬ ಮೆಕ್ಯಾನಿಕನ್ನು ಕರಕೊಂಡು ಹೋಗಿದ್ದೆ. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಕಡಲಿಗೆ ಕೂಗಳತೆ ದೂರದ ಮನೆ. ಮಾರುವ ಹುಡುಗ ಒಳ್ಳೆಯವನೇ. ಗಾಡಿ ಅಪ್ಪನದು, ಅಪ್ಪ ಈಗ ಓಡಿಸುವುದಿಲ್ಲ. ಚಾಸಿಗೆ ಕಪ್ಪು ಪೇಂಟ್, ಟ್ಯಾಂಕಿಗೆ ಹೊಸ ಸ್ಟಿಕ್ಕರ್, ಸೀಟಿಗೆ ಹೊಸ ಕವರ್. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಇಂಜಿನ್ ಸದ್ದು ಎಷ್ಟು ಸ್ವಚ್ಛ ಇತ್ತೆಂದರೆ ಭಾವ ಅಲ್ಲೇ ಜೇಬಿಗೆ ಕೈ ಹಾಕುವುದರಲ್ಲಿದ್ದ.

ಅಣ್ಣ ಇಂಜಿನ್ ಕಡೆ ನೋಡಲೇ ಇಲ್ಲ. "ತಮ್ಮಾ, ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಿ?" ಅಂತ ಕೇಳಿದರು. ಹುಡುಗ ಮನೆಯ ಪಡುವಣ ಬದಿಯ ಚಾಚು ಮಾಡು (ಗೋಡೆಗೆ ತಾಗಿ ಚಾಚಿದ ಚಾವಣಿ) ತೋರಿಸಿದ. ಸಮುದ್ರದ ಗಾಳಿ ನೇರ ಬಂದು ಬಡಿಯುವ ಜಾಗ. "ಅಪ್ಪ ಏನು ಕೆಲ್ಸ ಮಾಡ್ತಿದ್ರು?" "ಮೀನು ಮಾರೋಕೆ ಹೋಗ್ತಿದ್ರು. ಇದರ ಮೇಲೇ." ಅಣ್ಣ ಹೂಂ ಅಂದು ಒಂದು ಗೋಣಿಚೀಲ ಕೇಳಿದರು. ಪೆಟ್ರೋಲ್ ಕಾಕ್ ಬಂದ್ ಮಾಡಿ ಗಾಡಿಯನ್ನು ನಿಧಾನಕ್ಕೆ ಅದರ ಮೇಲೆ ಮಲಗಿಸಿದರು.

ಮೀನು ಮಾರುವ ಗಾಡಿ ನೋಡಿದವರಿಗೆ ಗೊತ್ತಿರುತ್ತದೆ. ಹಿಂದೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಐಸು ಮತ್ತು ಮೀನು. ಮಧ್ಯಾಹ್ನದ ತನಕ ಉಪ್ಪು ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಆ ನೀರು ಶಾಕ್ ಮೇಲೆ, ಸ್ವಿಂಗ್ ಆರ್ಮ್ ಮೇಲೆ, ಚೈನ್ ಮೇಲೆ, ಕೊನೆಗೆ ಚಾಸಿಯ ಕೆಳಗಿನ ಪೈಪಿನ ಮೇಲೆ ಬಂದು ನಿಲ್ಲುತ್ತದೆ. ಉಪ್ಪು ಒಮ್ಮೆ ಕೂತರೆ ಸುಮ್ನೆ ಕೂರುವುದಿಲ್ಲ. ಗಾಳಿಯ ತೇವವನ್ನು ಎಳಕೊಂಡು ಕಬ್ಬಿಣವನ್ನು ಯಾವಾಗಲೂ ಹಸಿಯಾಗಿ ಇಡುತ್ತದೆ. ಬಯಲುಸೀಮೆಯಲ್ಲಿ ಮಳೆ ನಿಂತ ಮೇಲೆ ಗಾಡಿ ಒಣಗುತ್ತದೆ. ಇಲ್ಲಿ ಜನವರಿಯಲ್ಲೂ ಬೆಳಿಗ್ಗೆ ಸೀಟ್ ಒದ್ದೆ.

ಅಣ್ಣ ಹತ್ತು-ಹನ್ನೊಂದರ ಪಾನ (ಸ್ಪ್ಯಾನರ್) ತೆಗೆದು ಅದರ ಹಿಡಿಯಿಂದ ಚಾಸಿಯನ್ನು ತಟ್ಟುತ್ತಾ ಬಂದರು. ಹ್ಯಾಂಡಲ್ ಕುತ್ತಿಗೆಯ ಹತ್ತಿರ ಠಣ್. ಟ್ಯಾಂಕಿನ ಕೆಳಗೆ ಠಣ್. ಇಂಜಿನ್ ಕೂರುವ ಪೈಪಿನಲ್ಲಿ ಠಣ್. ಸೆಂಟರ್ ಸ್ಟ್ಯಾಂಡ್ ಬೆಸುಗೆಯ ಹತ್ತಿರ ಬಂದಾಗ ಸದ್ದು ಸತ್ತುಹೋಯಿತು. ಮತ್ತೊಮ್ಮೆ ತಟ್ಟಿದರು, ಅದೇ. ಸ್ಕ್ರೂಡ್ರೈವರಿನಿಂದ ಅಲ್ಲಿ ಕೆರೆದರೆ ಹೊಸ ಪೇಂಟು ಹಾಳೆಯ ಹಾಗೆ ಎದ್ದು ಬಂತು. ಕೆಳಗೆ ಕಂದು ಬಣ್ಣದ ಪದರು, ಅದರ ಕೆಳಗೆ ಇನ್ನೊಂದು ಪದರು. ಸ್ವಲ್ಪ ಒತ್ತಿದ್ದಷ್ಟೇ. ತುದಿ ಒಳಗೆ ಹೋಯಿತು.

ಹುಡುಗ ಏನೂ ಹೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತಲೇ ನನಗೆ ಅನಿಸಿದ್ದು. ಪೇಂಟ್ ಹೊಡೆದವನಿಗೆ ಗೊತ್ತಿದ್ದಿರಬೇಕು.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಹ್ಯಾಂಡಲ್ ಕುತ್ತಿಗೆಯ ಬಲಬದಿಯಲ್ಲಿ ಚಾಸಿ ನಂಬರ್ ಒತ್ತಿರುತ್ತಾರಲ್ಲ, ಅದರ ಮೇಲೆ ಒಂದು ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಆರ್‌ಟಿಒ ಆಫೀಸಿನಲ್ಲಿ ಪ್ರಿಂಟ್ ತೆಗೆಯುವುದೂ ಹೀಗೇ. ಮೊದಲ ಅಕ್ಷರಗಳು ಮೂಡಿದವು, ಕೊನೆಯವು ಬರೀ ಕಪ್ಪು ಮಚ್ಚೆ. ತುಕ್ಕು ಅಂಕಿಗಳನ್ನೂ ತಿಂದಿತ್ತು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ (ನೋಂದಣಿ ಪತ್ರ) ಮುಂದುವರಿಸಬೇಕಾದರೆ ಈ ನಂಬರ್ ಓದುವ ಹಾಗಿರಬೇಕು. ಈ ಗಾಡಿಯ ಆರ್‌ಸಿ 2023ಕ್ಕೇ ಮುಗಿದಿತ್ತು. "ಮಾಡಿಸಿಕೊಡ್ತೇವೆ, ಏನೂ ತೊಂದರೆ ಇಲ್ಲ" ಅಂತ ಹುಡುಗ ಫೋನಿನಲ್ಲಿ ಹೇಳಿದ್ದ.

"ಇಂಜಿನ್ ಮಾತ್ರ ಭಾರೀ ಒಳ್ಳೇದಿದೆ" ಅಂದ ಭಾವ, ಆಸೆ ಬಿಡದೆ. "ಹೌದು, ಒಳ್ಳೇದಿದೆ" ಅಂದರು ಅಣ್ಣ. "ಆದರೆ ಬರೀ ಇಂಜಿನ್ ಮೇಲೆ ಕೂತ್ಕೊಂಡು ಹೋಗೋಕಾಗೋದಿಲ್ಲ ಅಲ್ವಾ."

ವೆಲ್ಡಿಂಗ್ ಮಾಡಿಸಬಹುದು ಅಂತ ಯಾರಾದರೂ ಹೇಳುತ್ತಾರೆ. ತೂತಿನ ಸುತ್ತಲಿನ ಪೈಪೂ ತೆಳುವಾಗಿರುತ್ತದೆ, ಬೆಸುಗೆ ಹಿಡಿಯಲು ಗಟ್ಟಿ ಲೋಹವೇ ಇರುವುದಿಲ್ಲ. ಇವತ್ತು ಇಲ್ಲಿ ಹಾಕಿದರೆ ಬರುವ ಮಳೆಗಾಲಕ್ಕೆ ನಾಲ್ಕು ಬೆರಳು ಆಚೆ ಬಿಡುತ್ತದೆ. ಅದೂ ಘಟ್ಟ ಇಳಿಯುವಾಗ ಬಿಟ್ಟರೆ? ಬೇರೆ ಚಾಸಿ ಹಾಕುತ್ತೇನೆ ಅಂದರೆ ಆರ್‌ಟಿಒ ಅನುಮತಿ, ಆರ್‌ಸಿ ತಿದ್ದುಪಡಿ ಅಂತ ಹೊಸ ಕಥೆ ಶುರು. ಹಾಗಾಗಿ ನನ್ನ ಲೆಕ್ಕದಲ್ಲಿ ಆ ಗಾಡಿಯ ಬೆಲೆ ಅಂದರೆ ಒಂದು ಇಂಜಿನ್, ಎರಡು ಟೈರ್, ಒಂದು ಹೊಸ ಸೀಟ್ ಕವರ್. ಗುಜರಿಯವನು ಕೊಡುವುದಕ್ಕಿಂತ ಸ್ವಲ್ಪ ಮೇಲೆ. ಹುಡುಗನಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. ಅಣ್ಣನೇ ಹೇಳಿದರು. ಇಂಜಿನ್ನಿಗೆ ಗಿರಾಕಿ ಬಂದರೆ ಕಳಿಸುತ್ತೇನೆ ಅಂತಲೂ ಹೇಳಿದರು.

ಇಷ್ಟು ಬರೆದ ಮೇಲೆ ಕಾರವಾರ, ಅಂಕೋಲಾದವರು ಸಿಟ್ಟಾಗಬಾರದು. ಕಾರವಾರದ ಕೆಎ 30 ನಂಬರ್ ಅಂದ ಕೂಡಲೇ ಬೇಡ ಅನ್ನುವ ಮೂರ್ಖತನ ನನ್ನದಲ್ಲ. ಕಾಜುಬಾಗದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಅವರ ಹಳೇ ಬಜಾಜ್ ಬಾಕ್ಸರ್ ಇವತ್ತಿಗೂ ನೋಡಬೇಕು. ರಾತ್ರಿ ಜಗಲಿಯ ಒಳಗೆ, ಬಾಗಿಲು ಹಾಕಿ ನಿಲ್ಲಿಸುತ್ತಾರೆ. ವಾರಕ್ಕೊಮ್ಮೆ ಬಾವಿ ನೀರಿನಲ್ಲಿ ಕೆಳಭಾಗ ತೊಳೆಯುತ್ತಾರೆ. ಮಳೆಗಾಲ ಶುರುವಾಗುವ ಮುಂಚೆ ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಬ್ರಶ್ಶಿನಿಂದ ಚಾಸಿಯ ಕೆಳಗೆಲ್ಲ ಬಳಿಯುತ್ತಾರೆ. ಬ್ರೇಕಿಗೆ ತಾಗದ ಹಾಗೆ, ಅಷ್ಟೇ. ನೋಡಲು ಹೊಲಸು. ಆದರೆ ಆ ಎಣ್ಣೆ ಜಿಡ್ಡು ಕಂಡರೆ ನಾನು ಬೆಲೆಗೆ ಒಂದೆರಡು ಸಾವಿರ ಜಾಸ್ತಿ ಸೇರಿಸುತ್ತೇನೆ. ಹೊಸ ಕಪ್ಪು ಪೇಂಟ್ ಕಂಡರೆ ಅಷ್ಟೇ ಕಳೆಯುತ್ತೇನೆ.

ಕರಾವಳಿ ಗಾಡಿಯಲ್ಲಿ ಕಣ್ಣು ಹಾಕಬೇಕಾದ ಇನ್ನೂ ಕೆಲವು ಜಾಗಗಳಿವೆ. ರಿಮ್ಮಿನಲ್ಲಿ ಕಡ್ಡಿ ಸೇರುವ ತೂತಿನ ಸುತ್ತ. ಬ್ಯಾಟರಿ ಪೆಟ್ಟಿಗೆಯ ಅಡಿ. ಮುಂದಿನ ಫೋರ್ಕಿನ ಹೊಳೆಯುವ ಭಾಗದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಆಯಿಲ್ ಸೀಲ್ ಎಷ್ಟು ಸಲ ಹಾಕಿದರೂ ಹರಿಯುತ್ತದೆ. ವೈರಿನ ಕನೆಕ್ಟರ್ ಬಿಚ್ಚಿ ನೋಡಿದರೆ ಹಸಿರು ಕಿಲುಬು. ಇದರಿಂದ ಗಾಡಿ ಸಾಯುವುದಿಲ್ಲ, ಆದರೆ ಮಳೆಯಲ್ಲಿ ಹಾರನ್ ಒತ್ತಿದರೆ ಇಂಡಿಕೇಟರ್ ಹತ್ತುವ ಗಾಡಿಗಳೆಲ್ಲ ಇದರಿಂದಲೇ.

ಮೇಲಿನ ಗಾಡಿ

ಶಿರಸಿ ಕಡೆಯ ಗಾಡಿ ಒಬ್ಬ ಹೆಗಡೇರದ್ದು. ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿ, ಎರಡು ಕಡೆ ಸಾರ (ಹಳ್ಳ ದಾಟುವ ಕಾಲುಸೇತುವೆ), ಕೊನೆಗೆ ತೋಟದ ತಲೆಗೆ ಮನೆ. ಹೋದ ಕೂಡಲೇ ಗಾಡಿ ತೋರಿಸುವ ಪದ್ಧತಿ ಅಲ್ಲಿಲ್ಲ. "ಆಸರಿಗೆ ಎಂತ ಅಡ್ಡಿಲ್ಲೆ?" ಅಂತ, ಅಂದರೆ ಕುಡಿಯಲು ಏನಾಗಬಹುದು ಅಂತ ಶುರುವಾಗಿ, ಮಜ್ಜಿಗೆ ಆಗಿ, ಕವಳದ (ಎಲೆ ಅಡಿಕೆಯ) ತಬಕು ಬಂದು, ಈ ವರ್ಷದ ಅಡಿಕೆ ಕೊಳೆರೋಗದ ವಿಷಯ ಮುಗಿದ ಮೇಲೆ ಗಾಡಿ.

ಫೋಟೋದಲ್ಲಿ ಕಂಡದ್ದಕ್ಕಿಂತ ಕೆಟ್ಟದಾಗಿ ಕಂಡಿತು. ತೊಳೆದೇ ಇರಲಿಲ್ಲ. ಕೆಮ್ಮಣ್ಣು ಚಾಸಿಗೆ ಅಂಟಿ ಒಣಗಿತ್ತು. ಹಿಂದಿನ ಕ್ಯಾರಿಯರ್ ಮೇಲೆ ತಿಳಿ ನೀಲಿ ಕಲೆ. ಅದು ಮೈಲುತುತ್ತ (ತಾಮ್ರದ ಸಲ್ಫೇಟ್). ಅಡಿಕೆಗೆ ಔಷಧಿ ಹೊಡೆಯಲು ತರುವ ಮೈಲುತುತ್ತ ಕಬ್ಬಿಣಕ್ಕೆ ಆಗುವುದಿಲ್ಲ. ಒದ್ದೆಯಾಗಿ ತಾಗಿದರೆ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಕ್ಯಾರಿಯರಿನ ಎರಡು ಬೋಲ್ಟ್ ತಿಂದು ಹೋಗಿದ್ದವು. ಮೇಲಿನ ಗಾಡಿಗೆ ತುಕ್ಕೇ ಇಲ್ಲ ಅಂತ ಹೇಳುವವರು ಇದನ್ನೂ, ಕೊಟ್ಟಿಗೆಯನ್ನೂ ಮರೆತಿರುತ್ತಾರೆ. ದನದ ಗಂಜಲ ಹರಿಯುವ ಕಡೆ ವರ್ಷಗಟ್ಟಲೆ ನಿಲ್ಲಿಸಿದ ಗಾಡಿಯ ಸ್ಟ್ಯಾಂಡು, ಸೈಲೆನ್ಸರು ಸಮುದ್ರದ ಬದಿಯ ಗಾಡಿಯಷ್ಟೇ ಕೆಟ್ಟಿರುತ್ತವೆ. ಹೆಗಡೇರ ಗಾಡಿ ಕೊಟ್ಟಿಗೆಯ ಮಗ್ಗುಲಲ್ಲೇ ಇತ್ತು, ಆದರೆ ಬೇರೆ ಮಾಡು, ಕಲ್ಲು ಹಾಸಿದ ನೆಲ. ಅಣ್ಣ ಅದನ್ನು ಮೊದಲೇ ನೋಡಿಕೊಂಡಿದ್ದರು.

ಸ್ಟಾರ್ಟ್ ಆಗಲು ನಾಲ್ಕೈದು ಕಿಕ್ ಬೇಕಾಯಿತು. ಆಕ್ಸಿಲರೇಟರ್ ತಿರುಗಿಸಿದರೆ ನೀಲಿ ಹೊಗೆ. ಟೈಮಿಂಗ್ ಚೈನ್ ಕಟಕಟ ಅನ್ನುತ್ತಿತ್ತು. ಭಾವನ ಮುಖ ಸಣ್ಣದಾಯಿತು. ಹ್ಯಾಂಡಲ್ ಎಡ ಬಲ ತಿರುಗಿಸಿದರೆ ನಡುವೆ ಒಂದು ಕಡೆ ಸಿಕ್ಕಿ ನಿಲ್ಲುತ್ತಿತ್ತು, ಹೊಂಡದ ರಸ್ತೆಯಲ್ಲಿ ಕುಟ್ಟಿಸಿಕೊಂಡ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್). ಹಿಂದಿನ ಬ್ರೇಕ್ ರಾಡಿನ ನಟ್ಟು ಕೊನೆಯ ಎಳೆಯವರೆಗೆ ಬಂದಿತ್ತು, ಅಂದರೆ ಒಳಗೆ ಲೈನರ್ (ಬ್ರೇಕ್ ಹಿಡಿಯುವ ಪಟ್ಟಿ) ಉಳಿದಿಲ್ಲ. ಇದಕ್ಕೆ ಕಾರಣ ಕೇಳುವುದೇ ಬೇಡ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಕುಮಟಾಕ್ಕೆ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಬ್ರೇಕ್ ಮೇಲೇ ಬರುವವರು ಬಹಳ. ಹತ್ತುವಾಗ ಹಿಂದೆ ಒಬ್ಬರು, ಮುಂದೆ ಒಂದು ಚೀಲ, ಅರ್ಧ ಕ್ಲಚ್. ಓಡಿಸಿ ನೋಡಿದರೆ ಕ್ಲಚ್ಚೂ ಜಾರುತ್ತಿತ್ತು. ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಅಣ್ಣ ಮತ್ತೆ ಅದೇ ಪಾನ ತೆಗೆದರು. ಮಣ್ಣು ಕೆರೆದು ಕೆರೆದು ತಟ್ಟಿದರು. ಠಣ್, ಠಣ್, ಠಣ್. ಮಣ್ಣಿನ ಕೆಳಗೆ ಫ್ಯಾಕ್ಟರಿಯ ಪೇಂಟ್ ಹಾಗೇ ಇತ್ತು. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಅಚ್ಚು ಹಾಕಿದ ಹಾಗೆ ಬಂತು.

ಹೆಗಡೇರು ಒಳಗೆ ಹೋಗಿ ಅಡಿಕೆ ಲೆಕ್ಕದ ಪುಸ್ತಕ ತಂದರು. ಅದರ ಹಿಂದಿನ ಹಾಳೆಗಳಲ್ಲಿ ಗಾಡಿಯ ಲೆಕ್ಕ. ದಿನಾಂಕ, ಕಿಲೋಮೀಟರ್, ಆಯಿಲ್ ಬದಲಿಸಿದ್ದು, ಬಲ್ಬು, ಟ್ಯೂಬು, ಕೂಲಿ. ಒಂದು ಹಂತದ ನಂತರ ಕಿಲೋಮೀಟರ್ ಕಾಲಮ್ಮು ಖಾಲಿ. "ಮೀಟರ್ ಕೇಬಲ್ ತುಂಡಾತು. ಮತ್ತೆ ಹಾಕ್ಸಿದ್ನಿಲ್ಲೆ" ಅಂದರು. ಎಂಥ ಪ್ರಾಮಾಣಿಕ ಖಾಲಿ ಕಾಲಮ್ಮು ಅಂತ ನನಗೆ ನಗು ಬಂತು. ನಿಂತ ಮೀಟರನ್ನೇ ತೋರಿಸಿ ಬರೀ ಇಷ್ಟೇ ಓಡಿದ್ದು ಅನ್ನುವವರನ್ನು ಎಷ್ಟು ಜನ ನೋಡಿಲ್ಲ.

ಅಲ್ಲೇ ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿದೆವು. ಬೋರ್, ಪಿಸ್ಟನ್, ವಾಲ್ವ್, ಟೈಮಿಂಗ್ ಚೈನ್ ಎಲ್ಲ ಸೇರಿ ಕೂಲಿ ಸಮೇತ 6 ಸಾವಿರದ ಆಸುಪಾಸು. ಕ್ಲಚ್ ಪ್ಲೇಟ್, ಕೋನ್ ಸೆಟ್, ಎರಡೂ ಬ್ರೇಕ್ ಲೈನರ್ ಸೇರಿ ಎರಡು ಸಾವಿರ. ಹಿಂದಿನ ಟೈರ್ ಒಂದು. ಕಡೆಗೆ ಕೈಬಿಟ್ಟು ಹೋಗುವ ಸಣ್ಣಪುಟ್ಟದ್ದು ಇದ್ದೇ ಇರುತ್ತದೆ. 10 ಸಾವಿರ ಅಂತ ಇಟ್ಟುಕೊಂಡೆವು. ಇಷ್ಟು ಮಾಡಿದ ಮೇಲೆ ಈ ಗಾಡಿ ಇನ್ನೂ ಐದು ವರ್ಷ ಕಾಲೇಜಿಗೂ ತೋಟಕ್ಕೂ ಓಡುತ್ತದೆ. ಅಂಥ ಗಾಡಿಗೆ 25 ಕೊಡಬಹುದು, ನನ್ನ ಅಭ್ಯಂತರ ಇಲ್ಲ. ಹಾಗಾದರೆ ಇವತ್ತಿನ ಸ್ಥಿತಿಗೆ 15. ಲೆಕ್ಕದ ಚೀಟಿಯನ್ನೇ ಹೆಗಡೇರ ಕೈಗೆ ಕೊಟ್ಟೆವು. ಅವರು ಕನ್ನಡಕ ಹಾಕಿ ಒಂದೊಂದೇ ಸಾಲು ಓದಿದರು. "ಇಂಜಿನ್ ಕೆಲ್ಸ ಇದ್ದು ಹೇಳಿ ಯಂಗೂ ಗೊತ್ತಿದ್ದು" ಅಂದರು. ಕೋನ್ ಸೆಟ್ಟಿನ ರೇಟ್ ಜಾಸ್ತಿ ಆಯಿತು ಅಂತ ಅಲ್ಲೇ ಒಂದು ಸಣ್ಣ ವಾದ. ಕೊನೆಗೆ 16,500ಕ್ಕೆ ನಿಂತಿತು. ಕ್ಯಾರಿಯರ್ ಮಾತ್ರ ಅವರು ಬಿಚ್ಚಿ ಇಟ್ಟುಕೊಂಡರು, ಹೊಸ ಗಾಡಿಗೆ ಬೇಕಂತೆ.

ಚೌಕಾಸಿ ಅಂದರೆ ಬಾಯಿ ಜೋರು ಮಾಡುವುದು ಅಂತ ನಮ್ಮಲ್ಲಿ ಅಂದುಕೊಂಡಿದ್ದಾರೆ. ಅವರು ಮೂವತ್ತು ಅನ್ನುವುದು, ಇವರು ಹದಿನೈದು ಅನ್ನುವುದು, ನಡುವೆ ಎಲ್ಲೋ ಸುಸ್ತಾಗಿ ನಿಲ್ಲುವುದು. ನನಗೆ ಅದು ಬರುವುದೂ ಇಲ್ಲ. ರಿಪೇರಿ ಚೀಟಿ ಮುಂದಿಟ್ಟರೆ ಮಾರುವವನ ಮರ್ಯಾದೆಯೂ ಉಳಿಯುತ್ತದೆ. ಅವನ ಗಾಡಿ ಕೆಟ್ಟದು ಅಂತ ನೀವು ಹೇಳಿದ ಹಾಗಾಗುವುದಿಲ್ಲ.

ಸುಮ್ನೆ ನಿಂತ ಗಾಡಿ

ಈ ಎರಡಕ್ಕೂ ಸೇರದ ಮೂರನೇ ಜಾತಿ ಒಂದಿದೆ. ಈಗೀಗ ಇದೇ ಜಾಸ್ತಿ. ಮಗ ಬೆಂಗಳೂರಿಗೋ ಪುಣೆಗೋ ಹೋದ. ಗಾಡಿ ಮನೆಯಲ್ಲಿ ಉಳಿಯಿತು. ಅಪ್ಪನಿಗೆ ಗೇರ್ ಗಾಡಿ ಆಗುವುದಿಲ್ಲ. ದೀಪಾವಳಿಗೆ ಬಂದಾಗ ಮಗ ಒಂದು ಸುತ್ತು ಹೊಡೆಯುತ್ತಾನೆ. ಈಗ ಮಾರುತ್ತಾರೆ, "ಓಡಿಸಿಯೇ ಇಲ್ಲ, ಸುಮ್ನೆ ನಿಂತಿತ್ತು" ಅಂತ ಹೆಮ್ಮೆಯಿಂದ, ಅದಕ್ಕೇ ಐದು ಸಾವಿರ ಜಾಸ್ತಿ.

ನಾನಾದರೆ ಅದಕ್ಕೇ ಐದು ಸಾವಿರ ಕಡಿಮೆ ಕೊಡುತ್ತೇನೆ. ನಮ್ಮ ಮಳೆಗಾಲದಲ್ಲಿ ಓಡುವ ಗಾಡಿ ಬಿಸಿಯಾಗಿ ಒಣಗುತ್ತದೆ, ನಿಂತ ಗಾಡಿ ಕೊಳೆಯುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ನೀರನ್ನು ಹೀರುತ್ತದೆ. ಅರ್ಧ ಟ್ಯಾಂಕ್ ತುಂಬಿ ಜೂನಿನಿಂದ ಅಕ್ಟೋಬರ್ ತನಕ ಬಿಟ್ಟರೆ ನೀರು ಬೇರೆಯಾಗಿ ತಳಕ್ಕೆ ಕೂರಬಹುದು, ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ಆ ಪುಡಿ ಕಾರ್ಬ್ಯುರೇಟರಿಗೆ ಬರುತ್ತದೆ. 2008ರ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ಈ ಪೆಟ್ರೋಲಿಗೆ ಅಂತ ಮಾಡಿದ್ದೂ ಅಲ್ಲ. ಅಡಿಕೆ ಮನೆಗಳಲ್ಲಾದರೆ ಇಲಿ ವೈರಿಂಗ್ ಕಡಿದಿರುತ್ತದೆ. ಟೈರಿನ ಗೆರೆ ಚೆನ್ನಾಗಿಯೇ ಇರುತ್ತದೆ, ರಬ್ಬರ್ ಬಿರುಕು ಬಿಟ್ಟಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನೋಡಲು ಹೊಸದಾಗಿದ್ದರೂ ಅದು ಹಳೇ ಟೈರೇ.

ಕಿಲೋಮೀಟರ್ ಬಗ್ಗೆ ಒಂದೇ ಮಾತು. ಹಳೇ ಮೀಟರಿನಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆಯಿಂದ. ಗೇರ್ ಲಿವರಿನ ರಬ್ಬರ್, ಬ್ರೇಕ್ ಪೆಡಲಿನ ಗೆರೆ, ಕೀ ಹಾಕುವ ತೂತಿನ ಸಡಿಲು, ಇವುಗಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಮತ್ತೆ ನೋಡಲು ಹೋದಾಗ ಮೊದಲು ಇಂಜಿನ್ ಮುಟ್ಟಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಲೆಕ್ಕ. ಒಂದು ಚಹಾ ಕುಡಿದು, ಊರ ಸುದ್ದಿ ಮಾತಾಡಿ, ತಣ್ಣಗಾದ ಮೇಲೆ ಕಿಕ್ ಹೊಡೆಯಿರಿ. ಶುರುವಿಗೆ ಸ್ವಲ್ಪ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್, ಅಗ್ಗದ ಕೆಲಸ. ಆಕ್ಸಿಲರೇಟರ್ ತಿರುಗಿಸಿದಷ್ಟೂ ಬರುತ್ತಿದ್ದರೆ ಪಿಸ್ಟನ್ ರಿಂಗು, ಬೋರು ಸವೆದಿವೆ. ಫೋರ್ ಸ್ಟ್ರೋಕ್ ಗಾಡಿಗೆ ಮಾತ್ರ ಈ ಮಾತು.

ಕಾಗದ

ಇದನ್ನು ಮೊದಲೇ ಬರೆಯಬೇಕಿತ್ತೇನೋ. ಗಾಡಿ ನೋಡುವ ಮುಂಚೆ ನಾನು ನಂಬರ್ ಕೇಳಿ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತೇನೆ. ಆರ್‌ಸಿ ಎಲ್ಲಿಯ ತನಕ ಇದೆ, ಸಾಲ ಇನ್ನೂ ಇದೆಯಾ, ಇನ್ಶೂರೆನ್ಸ್ ಇದೆಯಾ. ಬೈಕಿನ ಆರ್‌ಸಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ಮುಂದುವರಿಸಬೇಕು. ಇಪ್ಪತ್ತು ವರ್ಷ ದಾಟದ ಗಾಡಿಗೆ ಅದರ ಶುಲ್ಕ 2022ರ ಏಪ್ರಿಲ್‌ನಿಂದ 300 ಇದ್ದದ್ದು 1,000 ಆಯಿತು. ಗ್ರೀನ್ ಟ್ಯಾಕ್ಸ್, ವಿಮೆ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟು ಬೇರೆ. ಇದನ್ನೆಲ್ಲ ಮಾಡಿಸಿದ ಗಾಡಿಗೂ ಮಾಡಿಸದ ಗಾಡಿಗೂ ಬೆಲೆ ಒಂದೇ ಹೇಗಾಗುತ್ತದೆ? ಹೆಗಡೇರು 2028ರ ತನಕ ಮಾಡಿಸಿಟ್ಟಿದ್ದರು. ನಾವು 15ರ ಮೇಲೆ 1,500 ಕೊಟ್ಟದ್ದು ಅದಕ್ಕೇ.

ಕಾರವಾರದಲ್ಲಿ ಎರಡು ವಿಶೇಷ ಆಕರ್ಷಣೆಗಳಿವೆ. ಒಂದು, ನೇವಿಯವರ ಗಾಡಿ. ವರ್ಗಾವಣೆ ಬಂದಾಗ ಅವಸರದಲ್ಲಿ ಮಾರುತ್ತಾರೆ, ಚೆನ್ನಾಗಿಯೂ ಇಟ್ಟಿರುತ್ತಾರೆ, ಬೆಲೆಯೂ ಕಡಿಮೆ. ಇನ್ನೊಂದು, ಮಾಜಾಳಿಯಾಚೆಯ ಗೋವಾ ಗಾಡಿ. ಎರಡರಲ್ಲೂ ಪ್ಲೇಟು ಬೇರೆ ರಾಜ್ಯದ್ದಾದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಬೇಕು, ಇಲ್ಲಿಯ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಖರ್ಚು, ಓಡಾಟ ಸೇರಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದು ಅಪರೂಪ. ಮಾರಿದವರು ಅಷ್ಟರಲ್ಲಿ ವಿಶಾಖಪಟ್ಟಣದಲ್ಲಿ ಇರುತ್ತಾರೆ, ಸಹಿ ಯಾರು ಹಾಕುವುದು?

ಹೆಸರು ಬದಲಿಸದೆ ಕೈಯಿಂದ ಕೈಗೆ ಹೋದ ಗಾಡಿಗಳಂತೂ ಊರು ತುಂಬ. ಹೆಸರು ಬದಲಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಕಪಾಟಿನಲ್ಲಿ ಇಟ್ಟು ಮರೆಯುತ್ತಾರೆ. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ. ಯಾರ ಹೆಸರಲ್ಲಿ ಆರ್‌ಸಿ ಇದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಗಾಡಿ ಆಮೇಲೆ ಎಷ್ಟು ಕೈ ದಾಟಿದ್ದರೂ. ಹಾಗಾಗಿ ಇದರಲ್ಲಿ ಭಯ ಜಾಸ್ತಿ ಇರಬೇಕಾದ್ದು ಮಾರುವವನಿಗೆ. ಇದನ್ನು ಮೆಲ್ಲಗೆ ಹೇಳಿದರೆ ಅವನೇ ಆರ್‌ಟಿಒ ಆಫೀಸಿಗೆ ಬರಲು ತಯಾರಾಗುತ್ತಾನೆ.

ಆರ್‌ಎಕ್ಸ್ ಎಂಬ ಬೇರೆ ಸಂತೆ

ಇಷ್ಟೆಲ್ಲ ಲೆಕ್ಕ ಒಂದು ಗಾಡಿಯ ಮುಂದೆ ನಡೆಯುವುದಿಲ್ಲ. ಯಮಹಾ ಆರ್‌ಎಕ್ಸ್ 100. 1985ರಲ್ಲಿ ಬಂದು 1996ರಲ್ಲಿ ನಿಂತ 98 ಸಿಸಿಯ ಗಾಡಿ. ಅತಿ ಚಿಕ್ಕದಕ್ಕೂ ಮೂವತ್ತರ ಹತ್ತಿರ ವಯಸ್ಸು. ಅದಕ್ಕೆ ಲಕ್ಷದ ಮೇಲೆ ಹೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ಮೈಸೂರಿನ ಯೆಜ್ಡಿಯದ್ದೂ ಸುಮಾರು ಇದೇ ಕಥೆ. ಇಲ್ಲಿ ರಿಪೇರಿ ಚೀಟಿ ತೋರಿಸಿದರೆ ಮಾರುವವನು ನಗುತ್ತಾನೆ. ಯಾಕೆಂದರೆ ಅವನು ಮಾರುತ್ತಿರುವುದು ಸದ್ದು, ಕೊಳ್ಳುವವನು ಕೊಳ್ಳುತ್ತಿರುವುದು ತನ್ನ ಕಾಲೇಜು ದಿನ. ನನಗೆ ಅದರ ಬಗ್ಗೆ ತಕರಾರಿಲ್ಲ, ಮನೆಯಲ್ಲಿ ದುಡ್ಡಿದ್ದರೆ ಕೊಡಲಿ. ಆರ್‌ಎಕ್ಸ್ 135ಕ್ಕೆ 100ರ ಸ್ಟಿಕ್ಕರ್ ಹಾಕಿ ಮಾರುವವರೂ ಇದ್ದಾರೆ, ಆರ್‌ಸಿಯಲ್ಲಿ ಸಿಸಿ ಎಷ್ಟು ಅಂತ ಒಮ್ಮೆ ನೋಡಿಕೊಳ್ಳಲಿ. ನನ್ನ ಸಿಟ್ಟು ಬೇರೆ ವಿಷಯಕ್ಕೆ. ಪಕ್ಕದ ಮನೆಯ ಆರ್‌ಎಕ್ಸ್ ಲಕ್ಷಕ್ಕೆ ಹೋಯಿತು ಅಂತ ಇವರು ತಮ್ಮ ಸಿಡಿ 100ಕ್ಕೂ, ಸುಜುಕಿ ಸಮುರಾಯ್‌ಗೂ "ವಿಂಟೇಜ್" ಅಂತ ಬರೆದು ಐವತ್ತು ಹೇಳುತ್ತಾರೆ. ಹಳೆಯದೆಲ್ಲ ವಿಂಟೇಜ್ ಆಗುವುದಾದರೆ ನಮ್ಮ ಮನೆಯ ಮಿಕ್ಸರ್‌ಗೂ ಒಳ್ಳೇ ರೇಟ್ ಬರಬೇಕು.

ಅದೂ ಅಲ್ಲದೆ ಹೊಸ ಗಾಡಿಯ ಬೆಲೆಯೇ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ ಶೇ 28 ಇದ್ದದ್ದು 18ಕ್ಕೆ ಬಂತು. ಹೊಸದು ಏಳೆಂಟು ಸಾವಿರ ಅಗ್ಗವಾದರೆ ಹಳೆಯದೂ ಇಳಿಯಬೇಕು ತಾನೇ? ಮಾರುವವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಮಾತಿನ ನಡುವೆ ನಾನೇ ಮುಟ್ಟಿಸುತ್ತೇನೆ.

ನೋಡುವ ಕಾಲ

ಎಲ್ಲರೂ ಗಾಡಿ ನೋಡುವುದು ಮಳೆ ಮುಗಿದ ಮೇಲೆ. ರಸ್ತೆ ಒಣಗಿರುತ್ತದೆ, ಬಿಸಿಲು ಇರುತ್ತದೆ, ಯಾವ ಗಾಡಿಯಾದರೂ ಚೆಂದ ಕಾಣುತ್ತದೆ. ನನಗೆ ಜುಲೈಯೇ ಇಷ್ಟ. ರಾತ್ರಿಯಿಡೀ ಮಳೆಗೆ ತಂಪಾದ ಇಂಜಿನ್ ಬೆಳಿಗ್ಗೆ ಎಷ್ಟು ಕಿಕ್ಕಿಗೆ ಏಳುತ್ತದೆ, ಪ್ಲಗ್ಗಿನ ಕ್ಯಾಪ್ ಒದ್ದೆಯಾದರೆ ತೊದಲುತ್ತದಾ, ಹೆಡ್‌ಲೈಟಿನ ಒಳಗೆ ನೀರು ಹೋಗಿದೆಯಾ, ನೀರು ಹೊಕ್ಕ ಡ್ರಮ್ ಬ್ರೇಕ್ ಹಿಡಿಯುತ್ತದಾ, ಎಲ್ಲ ಒಂದೇ ಬೆಳಿಗ್ಗೆಗೆ ಗೊತ್ತಾಗುತ್ತದೆ. ಗಾಡಿ ರಾತ್ರಿ ಎಲ್ಲಿ ಮಲಗುತ್ತದೆ ಅಂತ ಕೇಳಬೇಕಾಗಿಯೂ ಇಲ್ಲ, ಕಣ್ಣೆದುರೇ ಇರುತ್ತದೆ. ಆ ಮಳೆಯಲ್ಲಿ ಬೇರೆ ಗಿರಾಕಿಯೂ ಬರುವುದಿಲ್ಲ.

ಹೊನ್ನಾವರದ ಕಡೆ ಒಂದು ಹೋಂಡಾ ಯುನಿಕಾರ್ನ್ ಇದೆಯಂತೆ. ಕೆಎ 47, 2012ರದ್ದು, ಆರ್‌ಸಿ 2027ರ ತನಕ. 38 ಸಾವಿರ ಹೇಳುತ್ತಿದ್ದಾರೆ. ಮಳೆ ಕಳೆದು ದೀಪಾವಳಿಗೆ ಬನ್ನಿ, ತೊಳೆದು ಇಟ್ಟಿರುತ್ತೇವೆ ಅಂದರು. ತೊಳೆಯುವುದೇನೂ ಬೇಡ, ಆಷಾಢದಲ್ಲೇ ಬರುತ್ತೇನೆ ಅಂದಿದ್ದೇನೆ. ಅಣ್ಣನಿಗೂ ಹೇಳಿಟ್ಟಿದ್ದೇನೆ.